ಕಿವಿ ಹಣ್ಣು ಲಿಂಬೆಯ ನೆಂಟನಾ?

ಶಿರಸಿ ಪೇಟೆಯ ಹಣ್ಣಿನಂಗಡಿಯಲ್ಲಿ ಮೋಸಂಬಿ, ಕಿತ್ತಳೆಯ ಪಕ್ಕದಲ್ಲೇ ಕಿವಿ ಹಣ್ಣನ್ನೂ ಜೋಡಿಸಿಟ್ಟಿದ್ದರು. ಮೂರಕ್ಕೆ ನೂರು ರೂಪಾಯಿ. "ಎಲ್ಲಾ ಒಂದೇ ಜಾತಿ ಅಕ್ಕಾ, ಹುಳಿ ಹಣ್ಣು, ವಿಟಮಿನ್ ಸಿ" ಎಂದ ಅಂಗಡಿ ಹುಡುಗ. ಆರು ಹಣ್ಣು ಕಟ್ಟಿಸಿಕೊಂಡು ಬಂದೆ. ಆಯಿ ಒಂದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದೆಂತದೇ ಕೂಸೆ, ಚಿಕ್ಕಿನ ಹಾಂಗೇ ಇದ್ದಲೇ" ಎಂದಳು.

ಹುಡುಗ ಸರಿಯಾ, ಆಯಿ ಸರಿಯಾ? ಒಂದು ವಾರ ಕಿವಿಯನ್ನೂ ಹಿತ್ತಲಿನ ಲಿಂಬೆ, ಕಂಚಿಕಾಯಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದೆ.

ಮೊದಲು ಸಿಪ್ಪೆ. ದೀಪಾವಳಿಯಲ್ಲಿ ಹಣತೆಯ ಎದುರು ಕಿತ್ತಳೆ ಸಿಪ್ಪೆ ಮಡಚಿ ಚಿಟಪಟ ಕಿಡಿ ಹಾರಿಸುತ್ತಿದ್ದೆವಲ್ಲ, ಅದೇ ಪರೀಕ್ಷೆ. ಕಂಚಿ ಸಿಪ್ಪೆ ಚೆನ್ನಾಗಿ ಕಿಡಿ ಕಾರಿತು. ಕಿವಿ ಸಿಪ್ಪೆ ಸುಮ್ನೆ ಕಮಟಿತು, ಅಷ್ಟೇ. ಲಿಂಬೆ ಜಾತಿಯ ಸಿಪ್ಪೆಯಲ್ಲಿ, ಎಲೆಯಲ್ಲಿ ಎಣ್ಣೆಯ ಸಣ್ಣ ಚುಕ್ಕಿಗಳಿರುತ್ತವೆ. ಎಲೆಯನ್ನು ಬಿಸಿಲಿಗೆ ಹಿಡಿದರೆ ಕಾಣುತ್ತವೆ. ಕರಿಬೇವಿನ ಎಲೆಯಲ್ಲೂ ಇವೆ, ಬಿಲ್ವಪತ್ರೆಯಲ್ಲೂ ಇವೆ. ಏಕೆಂದರೆ ಅವೆಲ್ಲ ಒಂದೇ ಮನೆಯವು, ರುಟೇಸಿ ಕುಟುಂಬ.

ಕಿವಿಯ ಕುಟುಂಬ ಬೇರೆ, ಆಕ್ಟಿನಿಡಿಯೇಸಿ. ಇನ್ನೊಂದು ಮೆಟ್ಟಿಲು ಮೇಲೆ ಹತ್ತಿ ನೋಡಿದರೆ ಮಜಾ ಇದೆ. ಲಿಂಬೆ ಸೇರುವುದು ಸ್ಯಾಪಿಂಡೇಲ್ಸ್ ಎಂಬ ಗಣಕ್ಕೆ. ಮಾವು, ಗೇರು ಎರಡೂ ಅಲ್ಲೇ. ಅಂದರೆ ಕುಮಟೆ ಕಡೆಯ ಗೇರು ಮರ ಲಿಂಬೆಗೆ ಕಿವಿಗಿಂತ ಹತ್ತಿರದ ನೆಂಟ! ಕಿವಿ ಇರುವುದು ಎರಿಕೇಲ್ಸ್ ಗಣದಲ್ಲಿ. ಚಹಾ ಗಿಡ ಅದರದ್ದು, ಬಕುಳದ ಮರ ಅದರದ್ದು. ಮತ್ತೆ, ಹೌದು, ಚಿಕ್ಕು ಕೂಡ. ಆಯಿಗೆ ಹೇಳಿದೆ. "ನೋಡಿದ್ರೇ ಗೊತ್ತಾಗ್ತು" ಎಂದಳು.

ಎರಡನ್ನೂ ಅಡ್ಡಕ್ಕೆ ಕೊಯ್ದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಲಿಂಬೆಯಲ್ಲಿ ತೊಳೆ, ತೊಳೆಯೊಳಗೆ ರಸದ ಚೀಲಗಳು. ಕಿವಿಯಲ್ಲಿ ತೊಳೆಯೇ ಇಲ್ಲ. ನಡುವೆ ಬೆಳ್ಳಗಿನ ದಿಂಡು, ಸುತ್ತ ಎಳ್ಳಿಗಿಂತ ಸಣ್ಣ ಕಪ್ಪು ಬೀಜ. ಆದರೂ ಸಸ್ಯಶಾಸ್ತ್ರದವರು ಎರಡನ್ನೂ 'ಬೆರ್ರಿ' ಎಂಬ ಒಂದೇ ಬುಟ್ಟಿಗೆ ಹಾಕುತ್ತಾರೆ. ಬಾಳೆಹಣ್ಣು, ಟೊಮೆಟೊ ಸಹ ಆ ಬುಟ್ಟಿಯಲ್ಲೇ ಇವೆ, ಹಾಗಾಗಿ ಅದರಿಂದ ನೆಂಟಸ್ತನ ಹೇಳಲು ಬರುವುದಿಲ್ಲ. ಎರಡರಲ್ಲೂ ಸಿಟ್ರಿಕ್ ಆಮ್ಲ ಇರುವುದೂ ಹಾಗೇ.

ಗಿಡವೂ ಬೇರೆ ತರಹ. ಕಿವಿ ಬಳ್ಳಿ. ಗಂಡು ಬೇರೆ, ಹೆಣ್ಣು ಬೇರೆ. ತೋಟದಲ್ಲಿ ಜಾಯಿಕಾಯಿ ನೆಟ್ಟವರಿಗೆ ಈ ತಾಪತ್ರಯ ಗೊತ್ತು. ಮೂಲ ಚೀನಾ. 1904ರಲ್ಲಿ ಬೀಜ ನ್ಯೂಜಿಲೆಂಡಿಗೆ ಹೋಯಿತು, 1959ರಲ್ಲಿ ವ್ಯಾಪಾರಕ್ಕಾಗಿ ಅಲ್ಲಿಯ ಹಕ್ಕಿಯ ಹೆಸರು ಅಂಟಿಸಿದರು. ನಮ್ಮ ದೇಶದಲ್ಲಿ ಹಿಮಾಚಲ, ಅರುಣಾಚಲದ ಕಡೆ ಬೆಳೆಯುತ್ತಾರೆ. ಅದಕ್ಕೆ ಬೇಕಾದ ಚಳಿ ಘಟ್ಟದ ಮೇಲೂ ಸಿಗುವುದಿಲ್ಲ, ಕಾರವಾರದ ಮಾತು ಬಿಡಿ.

ಇನ್ನು ಅಡುಗೆ. ಪಾನಕದಲ್ಲಿ ಲಿಂಬೆ ಸುಲಭವಾಗಿ ಗೆದ್ದಿತು. ಬೆಲ್ಲ, ಏಲಕ್ಕಿ ಬಿದ್ದ ಮೇಲೆ ಕಿವಿಯ ರುಚಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ತಂಬುಳಿಯಲ್ಲಿ ನಾನು ಪೂರಾ ಸೋತೆ. ಕಿವಿ, ಕಾಯಿತುರಿ, ಜೀರಿಗೆ, ಒಂದು ಹಸಿಮೆಣಸು ಬೀಸಿ ಮಜ್ಜಿಗೆ ಬೆರೆಸಿದೆ. ತಿಳಿ ಹಸಿರು ಬಣ್ಣ, ಒಗ್ಗರಣೆ ಘಮ. ಮಧ್ಯಾಹ್ನ ಎಲ್ಲರೂ ಎರಡೆರಡು ಸಲ ಬಡಿಸಿಕೊಂಡರು. ರಾತ್ರಿ ಉಳಿದದ್ದನ್ನು ಬಾಯಿಗಿಟ್ಟರೆ ಹಾಗಲಕಾಯಿ! ಹಸಿ ಕಿವಿಯಲ್ಲಿ ಆಕ್ಟಿನಿಡಿನ್ ಎಂಬ ಕಿಣ್ವ ಇದೆ. ಅದು ಹಾಲು, ಮಜ್ಜಿಗೆಯ ಪ್ರೊಟೀನನ್ನು ಕತ್ತರಿಸುತ್ತಾ ಹೋಗುತ್ತದೆ. ಕತ್ತರಿಸಿದ ಆ ಚೂರುಗಳೇ ಕಹಿ. ಲಿಂಬೆ ಹಾಲನ್ನು ಒಡೆಸುತ್ತದೆ, ಆದರೆ ಹೀಗೆ ಹೊತ್ತು ನೋಡಿ ಮೋಸ ಮಾಡುವುದಿಲ್ಲ. ಬೇಯಿಸಿದರೆ ಕಿವಿಯ ಈ ಕಿಣ್ವ ಕೆಲಸ ನಿಲ್ಲಿಸುತ್ತದೆ. ಅದಕ್ಕೇ ಮಾರನೇ ದಿನದ ಕಿವಿ ಗೊಜ್ಜು ರಾತ್ರಿಯವರೆಗೂ ಕೆಡಲಿಲ್ಲ. ಆದರೆ ಕಂಚಿ ಗೊಜ್ಜಿನ ಎದುರು ಅದು ಪೆಚ್ಚು. ಕಂಚಿಯ ಆ ಸಣ್ಣ ಕಹಿ, ಸಿಪ್ಪೆಯ ಪರಿಮಳ ಇಲ್ಲದ ಗೊಜ್ಜು ಯಾರಿಗೆ ಬೇಕು ಅಲ್ವಾ?

ಸುಮ್ನೆ ಚಮಚದಲ್ಲಿ ತೋಡಿ ತಿನ್ನುವುದಕ್ಕಾದರೆ ನನ್ನ ಮತ ಕಿವಿಗೆ. ವಿಟಮಿನ್ ಸಿ ಲೆಕ್ಕದಲ್ಲೂ ಅದೇ ಮುಂದೆ. ನೂರು ಗ್ರಾಂ ಹಸಿರು ಕಿವಿಯಲ್ಲಿ ಸುಮಾರು 90 ಮಿಲಿಗ್ರಾಂ, ಕಿತ್ತಳೆಯಲ್ಲಿ 50ರ ಆಸುಪಾಸು. ಜಾಸ್ತಿ ತಿಂದರೆ ಕೆಲವರಿಗೆ ನಾಲಿಗೆ ತುರಿಸುತ್ತದೆ, ನನಗೂ ತುರಿಸಿತು.

ಆರರಲ್ಲಿ ಎರಡು ಕಲ್ಲಿನಂತೆ ಗಟ್ಟಿ ಇದ್ದವು. ಲಿಂಬೆಯಾದರೆ ಕೊಯ್ದ ಮೇಲೆ ಹಳದಿ ಆದೀತು, ಸಿಹಿ ಏರುವುದಿಲ್ಲ. ಇವನ್ನು ಏನು ಮಾಡುವುದು ಎಂದು ನಾನು ಯೋಚಿಸುತ್ತಿರುವಾಗಲೇ ಆಯಿ ಎರಡನ್ನೂ ಬಾಳೆಹಣ್ಣಿನ ಜೊತೆ ಅಕ್ಕಿ ಡಬ್ಬಿಯಲ್ಲಿ ಹುಗಿದಿದ್ದಳು, ಚಿಕ್ಕಿಗೆ ಮಾಡುವ ಹಾಗೇ. ನಾಲ್ಕನೇ ದಿನ ತೆಗೆದರೆ ಒತ್ತಿದಲ್ಲಿ ಬೆರಳು ಇಳಿಯುವಷ್ಟು ಮೆತ್ತಗಾಗಿದ್ದವು.