ಫ್ರೀಜರ್‌ನಲ್ಲಿಟ್ಟ ನೀರು ಐಸ್ ಆಗಲಿಲ್ಲ, ಆದ್ರೂ ಈ ಫ್ರಿಜ್‌ಗೆ 4 ಸ್ಟಾರ್

8 ತಿಂಗಳ ಹಿಂದೆ ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ತಗೊಂಡ ಡಬಲ್ ಡೋರ್ ಫ್ರಿಜ್ ಇದು. ಮಾರ್ಕೆಟ್ಟಿನ ವೀಳ್ಯದೆಲೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ವಾರವಾದರೂ ಬಾಡುವುದಿಲ್ಲ. ತರಕಾರಿ ಟ್ರೇ ಮಾತ್ರ ತೀರಾ ತೆಳು, ಎರಡು ಕೆಜಿ ಟೊಮೆಟೊ ಹಾಕಿದರೆ ಎಳೆಯೋಕೇ ಆಗಲ್ಲ.

ತಕರಾರು ಶುರುವಾಗಿದ್ದು ಏಪ್ರಿಲ್‌ನಲ್ಲಿ. ಫಿಲ್ಟರ್ ನೀರಿನ ಬಾಟಲಿ ಫ್ರೀಜರ್‌ನಲ್ಲಿಟ್ಟು ಎರಡೂವರೆ ಗಂಟೆ ಬಿಟ್ಟು ನೋಡಿದರೆ ಒಂಚೂರೂ ಐಸ್ ಇಲ್ಲ. ಪಕ್ಕದ ಟ್ರೇಯಲ್ಲಿದ್ದ ನಲ್ಲಿ ನೀರು ಮಾತ್ರ ಕಲ್ಲಾಗಿತ್ತು! ರಿಪೇರಿಯವರೊಬ್ಬರನ್ನು ಕರೆಸಿದೆ. ಬಾಗಿಲು ಪೂರ್ತಿ ತೆಗೆಯುವ ಮೊದಲೇ "ಗ್ಯಾಸ್ ಖಾಲಿ ಸಾರ್, ಎರಡೂವರೆ ಸಾವಿರ ಆಗುತ್ತೆ" ಅಂದರು. ಐಸ್ ಟ್ರೇ ತೋರಿಸಿದ ಮೇಲೆ ಸುಮ್ನೆ ವಿಸಿಟಿಂಗ್ ಚಾರ್ಜ್ ಇಸ್ಕೊಂಡು ಹೋದರು.

ಮಾರನೇ ದಿನ ಮತ್ತೆ ಅದೇ ಕಥೆ. ಸಿಟ್ಟಿಗೆ ಬಾಟಲಿಯನ್ನು ಅಡುಗೆಮನೆ ಕಟ್ಟೆ ಮೇಲೆ ಟಪ್ ಅಂತ ಕುಕ್ಕಿದೆ. ಕತ್ತಿನ ಹತ್ತಿರ ಒಂದು ಬಿಳಿ ಎಳೆ ಹುಟ್ಟಿತು, ಅದು ಕವಲೊಡೆಯುತ್ತಾ ಕೆಳಗಿಳಿದು, ನೋಡನೋಡುತ್ತಲೇ ಬಾಟಲಿ ತುಂಬಾ ಐಸ್ ಗೋಲಾದಂಥ ಪುಡಿ.

ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರ ಓದುವ ಅಕ್ಕನ ಮಗಳು ನಕ್ಕುಬಿಟ್ಟಳು. "ಮಾಮ, ಫ್ರಿಜ್ ಕೆಟ್ಟಿಲ್ಲ, ಇದು ಆಮೆಮರಿ ಉಪಾಯ." ಹಾಲು ಮೊಸರಾಗೋಕೆ ಹೆಪ್ಪು ಬೇಕಲ್ವಾ, ಹಾಗೇ ನೀರು ಐಸ್ ಆಗೋಕೂ ಶುರುಮಾಡಿಕೊಡುವ ಒಂದು ಕಣ ಬೇಕು, ಧೂಳೋ ಮಣ್ಣೋ ಇನ್ನೊಂದು ಐಸ್ ಹರಳೋ. ಅದಿಲ್ಲದಿದ್ದರೆ ಸೊನ್ನೆ ಡಿಗ್ರಿಗಿಂತ ಕೆಳಗೂ ನೀರು ನೀರಾಗೇ ಇರುತ್ತದೆ. ಉತ್ತರ ಅಮೆರಿಕದ ಪೇಂಟೆಡ್ ಟರ್ಟಲ್ ಮರಿಗಳು ಬದುಕುವುದೇ ಹೀಗಂತೆ. ದೊಡ್ಡ ಆಮೆಗಳು ಚಳಿಗೆ ಕೊಳದ ತಳ ಸೇರುತ್ತವೆ. ಮರಿಗಳು ಬೇಸಿಗೆ ಕೊನೆಗೆ ಮೊಟ್ಟೆಯೊಡೆದರೂ ಗೂಡು ಬಿಡದೆ, ಅರ್ಧ ಗೇಣು ಮಣ್ಣಿನ ಕೆಳಗೇ ವಸಂತದವರೆಗೆ ಕೂತಿರುತ್ತವೆ. ಗೂಡಿನ ಚಳಿ ಮೈನಸ್ 10 ಡಿಗ್ರಿ ಹತ್ತಿರ ಹೋದರೂ ರಕ್ತ ಗಟ್ಟಿಯಾಗುವುದಿಲ್ಲ. ಹೊಟ್ಟೆಗೆ ಹೋದ ಮಣ್ಣೇ ಹೆಪ್ಪಾಗಬಹುದು, ಹಾಗಾಗಿ ಚಳಿ ಜಾಸ್ತಿಯಾಗುವ ಹೊತ್ತಿಗೆ ಹೊಟ್ಟೆ ಖಾಲಿಯಾಗಿರಬೇಕು. ಸುತ್ತಲಿನ ಮಣ್ಣಿನ ಐಸ್ ಮೈಯೊಳಗೆ ಹಬ್ಬದಂತೆ ಚರ್ಮದಲ್ಲಿರುವ ಜಿಡ್ಡಿನ ಪದರ ತಡೆಯುತ್ತದೆ. ಅಷ್ಟು ಚಳಿಯಲ್ಲಿ ಒಂದೇ ಒಂದು ಹರಳು ಒಳಗೆ ನುಗ್ಗಿತೋ, ನನ್ನ ಬಾಟಲಿಗಾದ ಗತಿಯೇ, ಮರಿ ಸತ್ತಂತೆ.

ಒಂದು ಸ್ಟಾರ್ ಕಳೆದಿದ್ದು ತರಕಾರಿ ಟ್ರೇಗೆ. ಕುಕ್ಕಿ ನೋಡುವುದಾದರೆ ಪ್ಲಾಸ್ಟಿಕ್ ಬಾಟಲಿ ಇಡಿ, ಗಾಜಿನದು ಬೇಡ.