ಪ್ರಾಣಿಗಳ ಕ್ಲಿನಿಕ್ಕಿನ ರಿಸೆಪ್ಷನ್ ಕೆಲಸಕ್ಕೆ ಆರು ಭಾನುವಾರಗಳ ತರಬೇತಿ

ಮುಂಬೈಯ ಪಶುವೈದ್ಯ ಕಾಲೇಜು 1886ರಿಂದ ವೈದ್ಯರನ್ನು ತಯಾರು ಮಾಡುತ್ತಿದೆ. ಆದರೆ ಆ ವೈದ್ಯರ ಕೋಣೆಯ ಹೊರಗೆ ಕುಳಿತು ಫೋನು ಎತ್ತುವ, ಹೆಸರು ಬರೆದುಕೊಳ್ಳುವ, ಬಿಲ್ಲು ಮಾಡುವ ನಮ್ಮಂಥವರು ಕೆಲಸ ಕಲಿಯುವುದು ಬಹುಮಟ್ಟಿಗೆ ನಮಗಿಂತ ಮೊದಲು ಆ ಕುರ್ಚಿಯಲ್ಲಿ ಕುಳಿತಿದ್ದವರನ್ನು ನೋಡಿಯೇ. ಹನ್ನೊಂದು ವರ್ಷ ಒಬ್ಬ ದಂತವೈದ್ಯರ ರಿಸೆಪ್ಷನ್ ನೋಡಿಕೊಂಡಿದ್ದ ನಾನು ಮುಲುಂಡಿನ ಒಂದು ನಾಯಿ-ಬೆಕ್ಕುಗಳ ಕ್ಲಿನಿಕ್ಕಿಗೆ ಸೇರಿದಾಗ, ಅದೇ ಮೇಜು, ಅದೇ ಫೋನು, ಹೊಸದಾಗಿ ಕಲಿಯುವುದೇನಿದೆ ಎಂದುಕೊಂಡಿದ್ದೆ. ನಮ್ಮ ಡಾಕ್ಟರಿಗೆ ಹಾಗೆ ಅನ್ನಿಸಲಿಲ್ಲ. ದಾದರಿನಲ್ಲಿ ಪ್ರತಿ ಭಾನುವಾರ ನಡೆಯುವ ಆರು ವಾರಗಳ ತರಬೇತಿಗೆ ನನ್ನನ್ನೂ ಜೊತೆಗಿರುವ ಹುಡುಗಿಯನ್ನೂ ಕಳುಹಿಸಿ, ತಲಾ 9,000 ರೂಪಾಯಿ ಶುಲ್ಕವನ್ನು ಅವರೇ ಕಟ್ಟಿದರು. ಸಂಸ್ಥೆಯ ಹೆಸರು ಬರೆಯುತ್ತಿಲ್ಲ; ಇಂಥ ಯಾವುದೇ ತರಬೇತಿಗೆ ಸೇರಬೇಕೆಂದಿರುವವರು ಏನು ಕೇಳಿಕೊಂಡು ಸೇರಬೇಕು ಎಂಬುದು ತಿಳಿದರೆ ಸಾಕು.

ಮೊದಲ ಎರಡು ಭಾನುವಾರ ಪೂರ್ತಿಯಾಗಿ ಫೋನಿಗೇ ಮೀಸಲು, ಮತ್ತು ಕಟ್ಟಿದ ಹಣ ಅಲ್ಲಿಗೇ ವಸೂಲಾಯಿತು ಎನ್ನಬೇಕು. ತರಬೇತಿ ಕೊಟ್ಟವರು ಸ್ವತಃ ಪಶುವೈದ್ಯೆ. ಅವರು ಗೋಡೆಯ ಕಡೆಗೆ ಮುಖ ಮಾಡಿ ಕುಳಿತು, ಪ್ರಾಣಿ ಸಾಕಿದವರ ಹಾಗೆ ಮಾತನಾಡುತ್ತಿದ್ದರು. ನಾವು ಒಬ್ಬೊಬ್ಬರಾಗಿ ಉತ್ತರ ಕೊಡಬೇಕಿತ್ತು. ನನ್ನ ಸರದಿ ಬಂದಾಗ, 'ನಿನ್ನೆಯಿಂದ ನಮ್ಮ ಬೆಕ್ಕಿಗೆ ಮಲಬದ್ಧತೆ, ಮತ್ತೆ ಮತ್ತೆ ಹೋಗಿ ಕುಳಿತು ತಿಣುಕುತ್ತದೆ, ನಾಳೆ ಸಂಜೆ ತರಲೇ?' ಎಂದರು. ನಾನು ಡೈರಿ ನೋಡಿದವಳಂತೆ ನಟಿಸಿ, ಬಹಳ ವಿನಯದಿಂದ, ನಾಳೆ ಸಂಜೆ ಆರೂವರೆಯ ಸಮಯ ಕೊಟ್ಟೆ. ಅವರು ಕುರ್ಚಿ ತಿರುಗಿಸಿ, 'ಗಂಡೋ ಹೆಣ್ಣೋ ಕೇಳಲಿಲ್ಲವಲ್ಲ' ಎಂದರು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು; ಅದು ಕಟ್ಟಿಕೊಂಡಾಗ ಬೆಕ್ಕು ಕುಳಿತು ತಿಣುಕುವ ಭಂಗಿ ಮನೆಯವರಿಗೆ ಮಲಬದ್ಧತೆಯಂತೆಯೇ ಕಾಣುತ್ತದೆ. ಮೂತ್ರ ಹೊರಹೋಗದೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯಕ್ಕೇ ಪೆಟ್ಟು ಬೀಳುವುದರಿಂದ, ನಾಳೆ ಸಂಜೆ ಎಂಬುದು ಆ ಪ್ರಾಣಿಯ ಪಾಲಿಗೆ ಇಲ್ಲದೆಯೂ ಹೋಗಬಹುದು.

ಮೂರೇ ವಾರದಲ್ಲಿ ಅದೇ ಫೋನು ನಿಜವಾಗಿಯೂ ಬಂತು. ಉಡುಪಿ ಕಡೆಯ ಹಿರಿಯರೊಬ್ಬರು, ಮೊದಲು ಹಿಂದಿಯಲ್ಲಿ ತಡವರಿಸಿ, ನನ್ನ ಉಚ್ಚಾರ ಕೇಳಿ ಕನ್ನಡಕ್ಕೆ ಹೊರಳಿದರು: 'ಹೊಟ್ಟೆ ಕಟ್ಟಿದೆ ಅಮ್ಮ, ಸ್ವಲ್ಪ ಹರಳೆಣ್ಣೆ ಕೊಟ್ಟು ನೋಡಲಾ?' ಗಂಡೇ ಎಂದು ಕೇಳಿದೆ, ಹೌದು. ಮೂತ್ರ ಆದದ್ದು ನೋಡಿದ್ದೀರಾ ಎಂದು ಕೇಳಿದೆ. ನಿನ್ನೆ ಬೆಳಗ್ಗೆಯಿಂದ ಇಲ್ಲ. ಬಾಯಿಗೆ ಏನನ್ನೂ ಹಾಕದೆ ಈಗಲೇ ಹೊರಟುಬನ್ನಿ ಎಂದೆ. ತರಬೇತಿಯಲ್ಲಿ ಹೇಳಿಕೊಟ್ಟ ಗಡಿರೇಖೆಯೂ ಇದೇ: ರೋಗದ ಹೆಸರು ಹೇಳುವುದು, ಮದ್ದಿನ ಪ್ರಮಾಣ ಹೇಳುವುದು ನಮ್ಮ ಕೆಲಸವಲ್ಲ, ಯಾವ ಫೋನು ಕಾಯಬಹುದು, ಯಾವುದು ಕಾಯಲಾರದು ಎಂದು ಗುರುತಿಸುವುದು ನಮ್ಮದು. ಐದು ನಿಮಿಷ ಕಳೆದರೂ ನಿಲ್ಲದ ಫಿಟ್ಸ್, ಹೊಟ್ಟೆ ಉಬ್ಬಿ ವಾಂತಿಗೆ ಯತ್ನಿಸಿದರೂ ಏನೂ ಬಾರದ ದೊಡ್ಡ ತಳಿಯ ನಾಯಿ, ಬಾಯಿ ತೆರೆದು ಏದುಸಿರು ಬಿಡುವ ಬೆಕ್ಕು, ಜ್ವರಕ್ಕೆಂದು ಮನೆಯವರೇ ಪ್ಯಾರಾಸಿಟಮಾಲ್ ಕೊಟ್ಟುಬಿಟ್ಟ ಬೆಕ್ಕು, ಇವೆಲ್ಲ ಕಾಯಲಾರದವು.

ಕಾಯುವ ಕೋಣೆಯ ಪಾಠ ಚಿಕ್ಕದು, ಚೊಕ್ಕದು. ಬೆಕ್ಕಿನ ಪೆಟ್ಟಿಗೆಯನ್ನು ನೆಲಕ್ಕಿಡದೆ ಎತ್ತರದಲ್ಲಿಟ್ಟು ಟವೆಲ್ ಹೊದಿಸಬೇಕು. ಲಸಿಕೆಯಾಗದ ಮರಿಗೆ ವಾಂತಿ ಭೇದಿ ಎಂದು ಫೋನಿನಲ್ಲೇ ತಿಳಿದರೆ, ಪಾರ್ವೋ (ನಾಯಿಮರಿಗಳಲ್ಲಿ ಬೇಗ ಹರಡುವ ವೈರಸ್ ರೋಗ) ಇರಬಹುದೆಂದು ಎಣಿಸಿ, ಅದನ್ನು ಉಳಿದ ನಾಯಿಗಳ ನಡುವೆ ಕೂರಿಸದೆ ರಿಕ್ಷಾದಿಂದ ನೇರವಾಗಿ ಒಳಕ್ಕೆ ಕರೆಸಿಕೊಳ್ಳಬೇಕು.

ಸಾವಿನ ಬಗ್ಗೆ ಅರ್ಧ ದಿನ ಮಾತನಾಡಿದರು. ದಯಾಮರಣದ ಒಪ್ಪಿಗೆ ಪತ್ರಕ್ಕೆ ಸಹಿಯನ್ನೂ ಹಣವನ್ನೂ ಮೊದಲೇ ಪಡೆಯಬೇಕು, ಆಮೇಲೆ ಅಳುತ್ತಾ ಹೊರಬರುವವರನ್ನು ಕೌಂಟರಿನ ಮುಂದೆ ನಿಲ್ಲಿಸಿಕೊಳ್ಳಬಾರದು ಎಂಬುದು ನನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಇನ್ನೊಂದು: ಅದೇ ದಿನ, ಬೇರೆಲ್ಲಕ್ಕಿಂತ ಮೊದಲು, ಕಂಪ್ಯೂಟರಿನಲ್ಲಿ ಆ ಪ್ರಾಣಿಯ ಕಡತವನ್ನು 'ಮೃತ' ಎಂದು ಗುರುತು ಮಾಡಬೇಕು. ನಾನು ಸೇರಿದ ಹೊಸದರಲ್ಲಿ ಇದನ್ನು ಮಾಡದೆ ಬಿಟ್ಟಿದ್ದರಿಂದ, ತೀರಿಹೋಗಿ ನಾಲ್ಕು ತಿಂಗಳಾದ ಲ್ಯಾಬ್ರಡಾರಿನ ಮನೆಗೆ 'ನಿಮ್ಮ ಮುದ್ದಿನ ನಾಯಿಯ ರೇಬೀಸ್ ಲಸಿಕೆಯ ದಿನ ಬಂದಿದೆ' ಎಂಬ ಸಂದೇಶ ಹೋಗಿತ್ತು. ಆ ಮನೆಯಾಕೆ ಬೈಯಲಿಲ್ಲ, ಸುಮ್ಮನೆ ಒಂದು ನಮಸ್ಕಾರದ ಚಿತ್ರ ಕಳುಹಿಸಿದ್ದರು. ಬೈದಿದ್ದರೇ ಚೆನ್ನಾಗಿತ್ತು.

ಇನ್ನು ಕಾಗದಪತ್ರದ ಭಾಗ. ಇಲ್ಲಿ ತರಬೇತಿ ಎಡವುತ್ತದೆ. ಹೊರದೇಶಕ್ಕೆ ಪ್ರಾಣಿ ಕರೆದೊಯ್ಯುವವರಿಗೆ ಹೇಳಬೇಕಾದ ಕ್ರಮವನ್ನು ಚೆನ್ನಾಗಿಯೇ ಕಲಿಸಿದರು: ಯುರೋಪಿಗಾದರೆ ಮೊದಲು ಚರ್ಮದಡಿ ಹಾಕುವ 15 ಅಂಕಿಯ ಗುರುತಿನ ಮೈಕ್ರೋಚಿಪ್, ಅನಂತರ ರೇಬೀಸ್ ಲಸಿಕೆ, ಕನಿಷ್ಠ 30 ದಿನ ಬಿಟ್ಟು ರಕ್ತಪರೀಕ್ಷೆ, ರಕ್ತ ತೆಗೆದ ದಿನದಿಂದ ಮೂರು ತಿಂಗಳ ಕಾಯುವಿಕೆ; ಮುಂದಿನ ವಾರ ವಿಮಾನ ಎನ್ನುವವರಿಗೆ ಇದನ್ನು ಸಮಾಧಾನದಿಂದ ಹೇಳುವುದೂ ಒಂದು ವಿದ್ಯೆ. ಪ್ರಾಣಿಗಳ ಚಿಕಿತ್ಸಾ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದ್ದು, ಅದೇ ಕೌಂಟರಿನಲ್ಲಿ ಮಾರುವ ಆಹಾರಕ್ಕೂ ಬೆಲ್ಟಿಗೂ ಅದು ಇಲ್ಲದಿರುವುದರಿಂದ ಬಿಲ್ಲನ್ನು ಹೇಗೆ ಬೇರ್ಪಡಿಸಬೇಕು ಎಂಬುದಕ್ಕೆ ಮಾತ್ರ ಹತ್ತು ನಿಮಿಷ. ಮಹಾನಗರಪಾಲಿಕೆಯ ನಾಯಿ ಲೈಸೆನ್ಸಿನ ಸುದ್ದಿಯೇ ಇಲ್ಲ. ಅದಕ್ಕೆ ಬೇಕಾದ ರೇಬೀಸ್ ಲಸಿಕೆಯ ಪ್ರಮಾಣಪತ್ರ ಕೇಳಿಕೊಂಡು ನಮ್ಮಲ್ಲಿಗೆ ವಾರಕ್ಕೊಬ್ಬರಾದರೂ ಬರುತ್ತಾರೆ. ಬದಲಿಗೆ, ಯಾವುದೋ ಹೊರದೇಶದ ಪುಸ್ತಕದಿಂದ ಇಳಿಸಿದಂತಿರುವ ಕೈಪಿಡಿಯಲ್ಲಿ ಸಾಕುಪ್ರಾಣಿ ವಿಮೆಯ ಬಗ್ಗೆ ಹದಿನಾಲ್ಕು ಪುಟಗಳಿವೆ.

ಅತಿ ದೊಡ್ಡ ಲೋಪ ಬೀದಿನಾಯಿಯದು. ಅರ್ಜಿಯಲ್ಲಿ 'ಮಾಲೀಕರ ಹೆಸರು' ಎಂಬ ಜಾಗದ ಮುಂದೆ ಪೆನ್ನು ನಿಲ್ಲಿಸಿ, 'ನಾನು ಮಾಲೀಕಳಲ್ಲ, ಅನ್ನ ಹಾಕುವವಳು' ಎನ್ನುವವರು ದಿನಕ್ಕೊಬ್ಬರಾದರೂ ಇರುತ್ತಾರೆ. ಸಹಿ ಯಾರದು, ಹಣ ಯಾರದು, ಗುಣವಾದ ಮೇಲೆ ಕರೆದೊಯ್ಯುವವರು ಯಾರು ಎಂಬಲ್ಲೇ ನಮ್ಮ ಕೌಂಟರಿನ ಅರ್ಧ ಜಗಳಗಳು ಹುಟ್ಟುವುದು. ಇದನ್ನು ಕೇಳಿದಾಗ, ಅದು ಆಯಾ ಕ್ಲಿನಿಕ್ಕಿಗೆ ಬಿಟ್ಟದ್ದು ಎಂಬ ಉತ್ತರ ಬಂತು. ನಾವು ನಮ್ಮ ಅರ್ಜಿಯಲ್ಲಿ 'ಕರೆತಂದವರು' ಎಂಬ ಸಾಲನ್ನೂ, 'ಯಾವ ಗಲ್ಲಿಗೆ ಮರಳಿ ಬಿಡಬೇಕು' ಎಂಬ ಸಾಲನ್ನೂ ಸೇರಿಸಿಕೊಂಡೆವು.

ಪಾಠವೆಲ್ಲ ಇಂಗ್ಲಿಷಿನಲ್ಲಿ, ನಡುನಡುವೆ ಹಿಂದಿ. ಫೋನು ಮಾಡುವವರು ಮರಾಠಿ, ಗುಜರಾತಿ, ತುಳು, ಕನ್ನಡದಲ್ಲಿ ಗಾಬರಿಯಾಗುವ ಊರಿನಲ್ಲಿ, ತುರ್ತು ಪ್ರಶ್ನೆಗಳನ್ನಾದರೂ ಮರಾಠಿಯಲ್ಲಿ ಬರೆದುಕೊಡಬಹುದಿತ್ತು.

ಕೊನೆಯಲ್ಲಿ ಕೊಡುವ ಪ್ರಮಾಣಪತ್ರ ಸರ್ಕಾರಿ ಮಾನ್ಯತೆಯದಲ್ಲವೆಂದು ಅವರೇ ಮೊದಲ ದಿನ ಹೇಳಿದರು, ಅದು ಪ್ರಾಮಾಣಿಕತೆ. ಕೆಲಸದಲ್ಲಿರುವವರು, ಕ್ಲಿನಿಕ್ಕು ಹಣ ಕಟ್ಟುವುದಾದರೆ, ಕಣ್ಣುಮುಚ್ಚಿ ಸೇರಬಹುದು. ಕೈಯಿಂದ ಕಟ್ಟುವವರು ಫೋನಿನ ಎರಡು ತರಗತಿಗಳಿಗಷ್ಟೇ ಸೇರಿಸಿಕೊಳ್ಳುತ್ತೀರಾ ಎಂದು ಕೇಳಿ ನೋಡುವುದು ಒಳ್ಳೆಯದು. ಮಧ್ಯ ರೈಲ್ವೆಯ ಕಡೆಯಿಂದ ಬರುವವರು ಭಾನುವಾರದ ಮೆಗಾ ಬ್ಲಾಕ್, ಅಂದರೆ ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವ ಸಮಯ, ನೋಡಿಕೊಂಡು ಹೊರಡಬೇಕು. ಮೂರನೆಯ ವಾರ ನಾನು ಡೊಂಬಿವಲಿಯಿಂದ ದಾದರ್ ಮುಟ್ಟುವಷ್ಟರಲ್ಲಿ ಕಾಯುವ ಕೋಣೆಯ ಪಾಠ ಅರ್ಧ ಮುಗಿದಿತ್ತು.