ಬಿಪಿ ಮಶೀನ್ ತಗೊಂಡು ಮೂರನೇ ವರ್ಷ: ಅಳತೆ ಪರ್ವಾಗಿಲ್ಲ, ಗಡಿಯಾರದ್ದೇ ಗೋಳು

ಮೊದಲೇ ಹೇಳ್ಬಿಡ್ತೀನಿ, ಬಿಪಿ ತೋರ್ಸೋದ್ರಲ್ಲಿ ಈ ಮಶೀನ್ ಮೇಲೆ ನಂಗೆ ಯಾವ ತಕರಾರೂ ಇಲ್ಲ. ತೋಳಿಗೆ ಕಟ್ಟೋ ಮಾಮೂಲಿ ಡಿಜಿಟಲ್ ಮಶೀನು, ಎರಡು ಸಾವಿರದ ಆಸುಪಾಸು ಬಿತ್ತು, ನಾಲ್ಕು ಸೆಲ್ ಹಾಕೋದು. ಡಾಕ್ಟ್ರ ಹತ್ರ ತಗೊಂಡ್ಹೋಗಿ ಅವ್ರ ಮಶೀನ್ ಪಕ್ಕದಲ್ಲೇ ಇಟ್ಟು ನೋಡಿಸ್ದೆ, ಎರಡು ಮೂರು ಪಾಯಿಂಟ್ ಆಚೆ ಈಚೆ ಅಷ್ಟೇ. ನನ್ನ ಸಿಟ್ಟೆಲ್ಲ ಅದರೊಳಗಿರೋ ಗಡಿಯಾರದ ಮೇಲೆ. ಸೆಲ್ ಬದಲಾಯಿಸಿದ್ರೆ ಸಾಕು, ಟೈಮು ತಾರೀಖು ಎರಡೂ ಅಳಿಸ್ಹೋಗಿ ಜನವರಿ 1, ರಾತ್ರಿ 12 ಗಂಟೆಗೆ ಹೋಗಿ ಕೂತ್ಬಿಡುತ್ತೆ.

"ಅಷ್ಟೇ ತಾನೆ, ಮತ್ತೆ ಸೆಟ್ ಮಾಡ್ಕೊಂಡ್ರಾಯ್ತು" ಅಂತಾರೆ ನಮ್ಮ ಯಜಮಾನ್ರು. ಬಿಪಿ ಇರೋರಿಗೆ ಅದು ಅಷ್ಟೇ ಅಲ್ಲ. ಬಿಪಿ ದಿನಪೂರ್ತಿ ಒಂದೇ ಥರ ಇರಲ್ಲ, ಅದಕ್ಕೂ ಹಗಲು ರಾತ್ರಿ ಅಂತ ಇದೆ. ರಾತ್ರಿ ನಿದ್ದೆ ಹತ್ತಿದ್ಮೇಲೆ ಹಗಲಿಗಿಂತ ಶೇಕಡಾ 10ರಿಂದ 20ರಷ್ಟು ಇಳೀಬೇಕು, ಬೆಳಗಿನ ಜಾವ ಏಳೋ ಹೊತ್ತಿಗೆ ಕಾರ್ಟಿಸಾಲು, ಅಡ್ರಿನಲಿನ್ನು ಅನ್ನೋ ಹಾರ್ಮೋನುಗಳೆಲ್ಲ ಏರೋಕೆ ಶುರುವಾಗಿ ಬಿಪಿನೂ ಅದ್ರ ಜೊತೆ ಮೇಲೇಳುತ್ತೆ, ಹಾರ್ಟ್ ಅಟ್ಯಾಕು ಸ್ಟ್ರೋಕು ಬೆಳಗಿನ ಹೊತ್ತಲ್ಲೇ ಜಾಸ್ತಿ ಆಗೋದಕ್ಕೆ ಇದೂ ಒಂದು ಕಾರಣ ಅಂತ ಡಾಕ್ಟ್ರುಗಳು ಹೇಳ್ತಾರೆ. ಹಂಗಾಗಿ 142/88 ಅನ್ನೋ ನಂಬರ್ ಬೆಳಿಗ್ಗೆ ಮಾತ್ರೆಗೆ ಮುಂಚೆ ಬಂತೋ, ಮಧ್ಯಾಹ್ನ ಮಲಗಿ ಎದ್ಮೇಲೆ ಬಂತೋ ಗೊತ್ತಿಲ್ದಿದ್ರೆ ಡಾಕ್ಟ್ರು ಅದನ್ನ ಇಟ್ಕೊಂಡು ಏನು ಮಾಡ್ಬೇಕು ಹೇಳಿ?

ನನ್ನ ಬೆಳಗಿನ ಕ್ರಮ ಹೀಗೆ. ಎದ್ದು ಬಾತ್‌ರೂಮಿಗೆ ಹೋಗ್ಬಂದು, ಕಾಫಿ ಮಾತ್ರೆ ಎರಡಕ್ಕೂ ಮುಂಚೆ, ಊಟದ ಟೇಬಲ್ ಹತ್ರ ಬೆನ್ನು ಒರಗೋ ಕುರ್ಚಿ ಹಾಕ್ಕೊಂಡು ಕೂತ್ಕೋತೀನಿ. ಎರಡು ಪಾದಾನೂ ನೆಲದ ಮೇಲೆ ಊರಿ, ಟರ್ಕಿ ಟವೆಲ್ ಮಡಿಸಿ ಕೈ ಕೆಳಗಿಟ್ರೆ ಪಟ್ಟಿ ಕರೆಕ್ಟಾಗಿ ಎದೆ ಮಟ್ಟಕ್ಕೆ ಬರುತ್ತೆ. ಐದು ನಿಮಿಷ ಸುಮ್ನೆ. ಆ ಐದು ನಿಮಿಷ ಮನೇಲಿ ನನ್ನ ಯಾರೂ ಮಾತಾಡ್ಸೋ ಹಾಗಿಲ್ಲ, ಹಾಲಿನವ್ನು ಬೆಲ್ ಮಾಡಿದ್ರೂ ನಾನು ಏಳಲ್ಲ. ಆಮೇಲೆ ಒಂದ್ಸಲ ನೋಡಿ, ಒಂದು ನಿಮಿಷ ಬಿಟ್ಟು ಇನ್ನೊಂದ್ಸಲ. ಅದಾದ್ಮೇಲೆ ಕುಡಿಯೋ ಫಿಲ್ಟರ್ ಕಾಫಿ ಇದ್ಯಲ್ಲ, ಅದರ ರುಚೀನೇ ಬೇರೆ! ರಾತ್ರಿ ಎಂಟಕ್ಕೆ, ಊಟಕ್ಕೆ ಕೂರೋ ಮುಂಚೆ, ಇದೇ ಇನ್ನೊಂದ್ಸಲ.

ಮಶೀನಲ್ಲಿ ಒಂದು ಒಳ್ಳೇ ಸೌಲಭ್ಯ ಇದೆ. ಬೆಳಗಿನ ಸರಾಸರಿ ಸೂರ್ಯನ ಚಿತ್ರದ ಪಕ್ಕ, ರಾತ್ರಿದು ಚಂದ್ರನ ಚಿತ್ರದ ಪಕ್ಕ ಬರುತ್ತೆ. ನಾನು ಇದನ್ನೇ ತಗೊಂಡಿದ್ದು ಅದಕ್ಕೋಸ್ಕರ. ಆದ್ರೆ ಒಂದ್ಸಲ ಬೆಳಿಗ್ಗೆ ಆರಕ್ಕೆ ಯಜಮಾನ್ರು ಸೆಲ್ ಹಾಕಿ ಹಂಗೇ ಇಟ್ಟಿದ್ರು, ಅಲ್ಲಿಂದ ನನ್ನ ಬೆಳಗಿನ ರೀಡಿಂಗೆಲ್ಲ ಮಧ್ಯರಾತ್ರಿ ಲೆಕ್ಕದಲ್ಲಿ ಚಂದ್ರನ ಖಾತೆಗೆ ಹೋಯ್ತು, ರಾತ್ರಿ ಎಂಟರದ್ದು ಮಧ್ಯಾಹ್ನ ಎರಡು ಅಂತಾಗಿ ಯಾವ ಖಾತೆಗೂ ಸೇರ್ಲಿಲ್ಲ. ಚೆಕಪ್ಪಿಗೆ ಹೋದಾಗ ಡಾಕ್ಟ್ರು ಮೆಮೊರಿ ಒತ್ತಿ ನೋಡಿ "ಏನಮ್ಮ, ರಾತ್ರಿ ಹೊತ್ತು ಇಷ್ಟೊಂದು ಬರ್ತಿದ್ಯಲ್ಲ" ಅಂತ ಪೆನ್ನು ಕೈಗೆ ತಗೊಂಡ್ರು. ಪುಣ್ಯಕ್ಕೆ ನಾನು ಹಳೇ ಡೈರೀಲೂ ಬರೀತೀನಿ, ತೋರ್ಸಿದ್ಮೇಲೆ ಸರಿಹೋಯ್ತು. ಡೈರಿ ಬರೀದೇ ಇರೋರ ಗತಿ? ಕಂಪ್ನಿಯವ್ರಿಗೆ ಫೋನ್ ಮಾಡಿದ್ರೆ "ಅದು ಹಂಗೇ ಮೇಡಂ, ಎಲ್ಲಾ ಪೀಸೂ ಹಂಗೇ" ಅಂದ್ರು. ಹತ್ತಿಪ್ಪತ್ತು ರೂಪಾಯಿ ಬಟನ್ ಸೆಲ್ ಒಂದು ಒಳಗೆ ಇಟ್ಟಿದ್ರೆ ಮುಗೀತಿತ್ತು.

ಮೂರು ಸ್ಟಾರ್ ಕೊಟ್ಟು ಬಿಟ್ಬಿಡೋಣ ಅಂತಿದ್ದೆ. ಆದ್ರೆ ಈ ಮಶೀನಿಂದ್ಲೇ ಒಂದು ಉಪಕಾರ ಆಯ್ತು, ಅದನ್ನೂ ಬರೀಬೇಕು. ಡೈರೀಲಿ ರಾತ್ರಿ ಎಂಟರದ್ದು ಚೆನ್ನಾಗಿದ್ದು ಬೆಳಿಗ್ಗೆದು ಮಾತ್ರ ಮನೆ ಅಳತೆಯ ಗಡಿ 135/85 ದಾಟ್ತಾನೇ ಇತ್ತು. ಅದನ್ನ ನೋಡಿ ಡಾಕ್ಟ್ರು ಇಪ್ಪತ್ನಾಲ್ಕು ಗಂಟೆ ಕಟ್ಕೊಂಡಿರೋ ಮಶೀನ್ ಹಾಕಿಸಿದ್ರು, ಸೊಂಟಕ್ಕೊಂದು ಡಬ್ಬಿ, ತೋಳಿಗೆ ಪಟ್ಟಿ, ಹಗಲಲ್ಲಿ ಅರ್ಧ ಗಂಟೆಗೊಂದ್ಸಲ, ರಾತ್ರಿ ಗಂಟೆಗೊಂದ್ಸಲ ಹಿಂಡುತ್ತೆ. ನಿದ್ದೇಲಿ ನನ್ನ ಬಿಪಿ ಇಳೀಬೇಕಾದಷ್ಟು ಇಳೀತಾನೇ ಇಲ್ಲ ಅಂತ ಗೊತ್ತಾಗಿದ್ದು ಆಗ. ಇಂಥೋರಿಗೆ ನಾನ್-ಡಿಪ್ಪರ್ ಅಂತಾರೆ. ಕಾರಣ ಹುಡುಕೋಕೆ ಡಾಕ್ಟ್ರು ಗೊರಕೆ ಹೊಡೀತೀರಾ, ನಿದ್ದೇಲಿ ಉಸಿರು ಕಟ್ಟುತ್ತಾ, ಉಪ್ಪು ಎಷ್ಟು ತಿಂತೀರಾ ಅಂತೆಲ್ಲ ಕೇಳಿದ್ರು, ಕಿಡ್ನಿ ಟೆಸ್ಟೂ ಮಾಡ್ಸಿದ್ರು. ಈಗ ಮೊಸರನ್ನದ ಜೊತೆ ಉಪ್ಪಿನಕಾಯಿ ಇಲ್ಲ, ಕಷ್ಟಾನೇ. ಮನೆ ಮಶೀನು ನಿದ್ದೇಲಿರೋ ಬಿಪಿ ತೋರ್ಸಲ್ಲ, ಅದು ನೆನಪಿರ್ಲಿ, ಆದ್ರೆ ದಾರಿ ತೋರ್ಸಿದ್ದು ಅದೇ.

ಪಕ್ಕದ ಮನೆ ಅಕ್ಕ ಮಾತ್ರೆ ರಾತ್ರಿಗೆ ಬದಲಾಯ್ಸ್ಕೋ, ಆಗ ಹಾರ್ಟಿಗೆ ಒಳ್ಳೇದು ಅಂತ ತುಂಬಾ ಒತ್ತಾಯ ಮಾಡ್ತಿದ್ರು. ಡಾಕ್ಟ್ರನ್ನ ಕೇಳಿದ್ದಕ್ಕೆ, ಬ್ರಿಟನ್ನಲ್ಲಿ 21 ಸಾವಿರಕ್ಕೂ ಹೆಚ್ಚು ಜನರ ಮೇಲೆ ಮಾಡಿದ ಟೈಮ್ ಅನ್ನೋ ಸ್ಟಡಿ 2022ರಲ್ಲಿ ಬಂತು, ಬೆಳಿಗ್ಗೆ ತಗೊಂಡೋರಿಗೂ ರಾತ್ರಿ ತಗೊಂಡೋರಿಗೂ ಹಾರ್ಟ್ ಅಟ್ಯಾಕು ಸ್ಟ್ರೋಕಲ್ಲಿ ವ್ಯತ್ಯಾಸ ಕಾಣ್ಲಿಲ್ಲ, ನಿಮಗೆ ಮರೀದೇ ಇರೋ ಹೊತ್ತು ಯಾವ್ದೋ ಅದಕ್ಕೇ ತಗೊಳ್ಳಿ ಅಂದ್ರು. ನಂಗೆ ಬೆಳಿಗ್ಗೆನೇ ಸರಿ. ನೀವು ನಿಮ್ಮ ಡಾಕ್ಟ್ರನ್ನ ಕೇಳ್ದೆ ಹೊತ್ತು ಬದಲಾಯ್ಸ್ಬೇಡಿ.

ಗಡಿಯಾರಕ್ಕೆ ಈಗೊಂದು ಉಪಾಯ ಸಿಕ್ಕಿದೆ. ಅಡಾಪ್ಟರ್ ಬೇರೆ ದುಡ್ಡು ಕೊಟ್ಟು ತಗೊಂಡೆ, ಸೆಲ್ ತೆಗೆಯೋಕೆ ಮುಂಚೆ ಅದನ್ನ ಚುಚ್ಚಿಟ್ರೆ ಟೈಮ್ ಹೋಗಲ್ಲ. ಮಧ್ಯೆ ಕರೆಂಟ್ ಹೋದ್ರೆ ಮಾತ್ರ ಮತ್ತೆ ಜನವರಿ 1. ತಗೊಳ್ಳೋರು ಅಂಗಡೀಲೇ ಸೆಲ್ ತೆಗೆದು ಹಾಕ್ಸಿ ನೋಡಿ, ಪಟ್ಟಿ ಸೈಜು ನಿಮ್ಮ ತೋಳಿಗೆ ಆಗುತ್ತಾ ಅಂತಾನೂ ನೋಡಿ, ಚಿಕ್ಕದಾದ್ರೆ ಬಿಪಿ ಜಾಸ್ತಿ ತೋರ್ಸುತ್ತೆ. ನಾನು ಐದಕ್ಕೆ ಮೂರೂವರೆ ಕೊಡ್ತೀನಿ, ಅಡಾಪ್ಟರ್ ಡಬ್ಬಿ ಜೊತೇಲೇ ಕೊಟ್ಟಿದ್ರೆ ನಾಲ್ಕು ಕೊಡ್ತಿದ್ದೆ.